ವಾಲ್ಯೂಮ್ ಜಾಸ್ತಿ ಮಾಡಿದರೆ ಮಾತ್ರ ಹಾಡುವ ಸ್ಪೀಕರ್, ನಿಲ್ಲದ ಗುಂಯ್ ಸದ್ದು: ರಿಸೀವರ್ ಬಿಸಾಡಬೇಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಏಳು ವರ್ಷದ ಹಿಂದೆ 5.1 ಹೋಮ್ ಥಿಯೇಟರ್ ರಿಸೀವರ್ (ಐದು ಸ್ಪೀಕರ್‌ಗೂ, ದಪ್ಪ ಸದ್ದಿನ ಒಂದು ಸಬ್‌ವೂಫರ್‌ಗೂ ಸದ್ದು ಹಂಚುವ ಪೆಟ್ಟಿಗೆ) ತೆಗೆದುಕೊಂಡೆವು. ಕೇಬಲ್‌ನ ಸೆಟ್ ಟಾಪ್ ಬಾಕ್ಸ್, ಟಿವಿ ಎರಡನ್ನೂ ಎಚ್‌ಡಿಎಂಐನಲ್ಲಿ ಅದಕ್ಕೆ ಸೇರಿಸಿದ್ದೇವೆ. ಸಬ್‌ವೂಫರ್‌ಗೆ ಬೇರೆ ತ್ರೀ ಪಿನ್ ಪ್ಲಗ್ ಇದೆ. ಕಳೆದ ಮಳೆಗಾಲದಿಂದ ಮೂರು ತೊಂದರೆ. ಏನೂ ಹಾಕದಿದ್ದರೂ ಸಬ್‌ವೂಫರ್‌ನಿಂದ ಗುಂಯ್ ಅಂತ ಸದ್ದು ಬರುತ್ತದೆ. ವಾಲ್ಯೂಮ್ ಕಡಿಮೆ ಇದ್ದಾಗ ಎಡಗಡೆ ಸ್ಪೀಕರ್ ಸುಮ್ಮನಾಗುತ್ತದೆ, ಜೋರು ಮಾಡಿದರೆ ಮತ್ತೆ ಹಾಡುತ್ತದೆ. ಸಿನಿಮಾದಲ್ಲಿ ಮಾತು ಕೇಳುವುದೇ ಇಲ್ಲ, ಫೈಟು ಬಂದರೆ ಮನೆ ಅದುರುತ್ತದೆ. ಒಬ್ಬರು ‘ಐಸಿ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಇನ್ನೊಬ್ಬರು ಸಬ್‌ವೂಫರ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಸದ್ದು ನಿಲ್ಲುತ್ತದೆ ಅಂದರು. ಮಗ ಒಳ್ಳೆ ದುಬಾರಿ ಎಚ್‌ಡಿಎಂಐ ಕೇಬಲ್ ಹಾಕೋಣ ಅನ್ನುತ್ತಾನೆ. ಇನ್ನೂ ಏನೂ ಮಾಡಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ಇನ್ನೂ ಏನೂ ಮಾಡಿಲ್ಲ ಅಂದಿರಲ್ಲ, ಅದನ್ನು ಓದಿ ಸಮಾಧಾನವಾಯಿತು. ಬೇರೆ ಏನೇ ಮಾಡಿ, ಆ ಅರ್ಥ್ ಪಿನ್ ಮಾತ್ರ ತೆಗೆಯಬೇಡಿ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಮೂರು ತೊಂದರೆಯೂ ಒಂದೇ ಮಳೆಗಾಲದಲ್ಲಿ ಶುರುವಾಗಿದ್ದರಿಂದ ಕಾರಣವೂ ಒಂದೇ ಅಂತ ಅನ್ನಿಸುವುದು ಸಹಜ. ಆದರೆ ನೀವು ಬರೆದ ಲಕ್ಷಣ ನೋಡಿದರೆ ಇವು ಮೂರೂ ಬೇರೆ ಬೇರೆ. ಎಡ ಸ್ಪೀಕರ್‌ನದ್ದು ರಿಸೀವರ್ ಒಳಗಿನ ತೊಂದರೆ ಇರಬಹುದು, ಅದೂ ಸಣ್ಣದು. ಗುಂಯ್ ಸದ್ದು ರಿಸೀವರ್‌ನದ್ದೇ ಅಲ್ಲದಿರಬಹುದು. ಮಾತು ಕೇಳದಿರುವುದು ಹೆಚ್ಚಾಗಿ ಸೆಟ್ಟಿಂಗ್ ಮತ್ತು ಕೋಣೆಯ ವಿಷಯ.

ಎಡ ಸ್ಪೀಕರ್ ವಿಷಯ ಮೊದಲು ಮುಗಿಸೋಣ. ರಿಸೀವರ್ ಆನ್ ಮಾಡಿ ಕೆಲವು ಸೆಕೆಂಡ್ ಆದ ಮೇಲೆ ಒಳಗಿಂದ ‘ಟಕ್’ ಅಂತ ಒಂದು ಸದ್ದು ಬರುತ್ತದಲ್ವಾ? ಅದು ರಿಲೇ. ಸ್ಪೀಕರ್‌ಗಳನ್ನು ಆಂಪ್ಲಿಫೈಯರ್‌ಗೆ ಸೇರಿಸುವ ಸ್ವಿಚ್ಚು. ಆನ್ ಆಗುವಾಗ ಬರುವ ಹೊಡೆತ ಸ್ಪೀಕರ್‌ಗೆ ತಾಗಬಾರದು, ಒಳಗೆ ಏನಾದರೂ ಸುಟ್ಟರೆ ಸ್ಪೀಕರ್ ಉಳಿಯಬೇಕು ಅಂತ ಅದನ್ನು ಇಟ್ಟಿರುತ್ತಾರೆ. ಅದರೊಳಗೆ ಎರಡು ಪುಟ್ಟ ಲೋಹದ ಬಿಂದುಗಳು ಒಂದಕ್ಕೊಂದು ತಾಗುತ್ತವೆ. ವರ್ಷಗಳು ಕಳೆದಂತೆ ಆ ಬಿಂದುಗಳ ಮೇಲೆ ತೆಳ್ಳಗೆ ಕಪ್ಪು ಪದರ ಕಟ್ಟುತ್ತದೆ. ವಾಲ್ಯೂಮ್ ಕಡಿಮೆ ಇದ್ದಾಗ ಸ್ಪೀಕರ್‌ಗೆ ಹೋಗುವುದು ಒಂದು ವೋಲ್ಟಿಗಿಂತ ಎಷ್ಟೋ ಕಡಿಮೆ. ಅಷ್ಟು ಸಣ್ಣ ಸಿಗ್ನಲ್ ಆ ಪದರ ದಾಟುವುದಿಲ್ಲ. ಜೋರು ಮಾಡಿದರೆ ದಾಟುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಹಾಡುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ.

ಸಕಲೇಶಪುರ, ಮೂಡಿಗೆರೆ ಕಡೆಯ ಜೂನ್, ಜುಲೈ ನಿಮಗೆ ನಾನು ಹೇಳಬೇಕಾಗಿಲ್ಲ. ಬಟ್ಟೆ ಒಣಗುವುದಿಲ್ಲ, ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ. ಅದೇ ತೇವ ರಿಸೀವರ್ ಒಳಗೂ ಹೋಗುತ್ತದೆ. ಹಾಸನದಲ್ಲಿ ನಾನು ರಿಪೇರಿ ಮಾಡುವ ಜಾಗಕ್ಕೆ ಮಳೆ ಬಿಟ್ಟ ಮೇಲೆ ಇದೇ ದೂರು ಹಿಡಿದುಕೊಂಡು ಬರುವವರು ಜಾಸ್ತಿ.

ಅನುಮಾನ ಸರಿಯಾ ಅಂತ ನೀವೇ ನೋಡಬಹುದು. ರಿಸೀವರ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ರಿಸೀವರ್ ಹಿಂದೆ ಎಡ ಮತ್ತು ಬಲ ಸ್ಪೀಕರ್‌ನ ವೈರ್‌ಗಳನ್ನು ಅದಲುಬದಲು ಮಾಡಿ. ವೈರ್‌ನ ಒಂದೇ ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು. ತಾಗಿದರೆ ಆಂಪ್ಲಿಫೈಯರ್ ಸುಡುವ ಸಾಧ್ಯತೆ ಇದೆ. ಈಗ ಆನ್ ಮಾಡಿ ಸಣ್ಣ ವಾಲ್ಯೂಮ್‌ನಲ್ಲಿ ಕೇಳಿ. ಮೊದಲಿನ ಸ್ಪೀಕರೇ ಸುಮ್ಮನಿದ್ದರೆ ತೊಂದರೆ ಆ ಸ್ಪೀಕರ್‌ನದ್ದು ಅಥವಾ ಅದರ ವೈರ್‌ನದ್ದು. ವೈರ್ ತುದಿ ಹಸಿರು, ಕಪ್ಪು ಕಿಲುಬು ಹಿಡಿದಿದ್ದರೆ ಒಂದು ಇಂಚು ಕತ್ತರಿಸಿ ಹೊಸದಾಗಿ ಸುಲಿದು ಹಾಕಿ, ಅಷ್ಟಕ್ಕೇ ಸರಿಹೋಗಬಹುದು. ಈಗ ಇನ್ನೊಂದು ಸ್ಪೀಕರ್ ಸುಮ್ಮನಾದರೆ ತೊಂದರೆ ರಿಸೀವರ್‌ನದ್ದು. ಆಗ ಹೆಡ್‌ಫೋನ್ ಹಾಕಿ ನೋಡಿ. ಎರಡೂ ಕಿವಿಗೆ ಸರಿಯಾಗಿ ಕೇಳಿದರೆ ರಿಲೇ ಮೇಲಿನ ಅನುಮಾನ ಬಲವಾಗುತ್ತದೆ.

‘ಐಸಿ ಹೋಗಿದೆ’ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಸುಟ್ಟ ಐಸಿ ವಾಲ್ಯೂಮ್ ಜೋರು ಮಾಡಿದ ಕೂಡಲೇ ಸರಿಹೋಗುವುದಿಲ್ಲ. ರಿಲೇ ಕೆಲವು ನೂರು ರೂಪಾಯಿಯೊಳಗೆ ಸಿಗುವ ಸಾಮಾನು. ಬೋರ್ಡು ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಜೋಡಿಸುವ ಕೆಲಸಕ್ಕೇ ಹೆಚ್ಚು ಕೂಲಿ. ಕೆಲವರು ರಿಲೇ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಹಾಗೆ ಮಾಡಿದರೆ ಮೇಲಿನ ಒಳ್ಳೆ ಲೋಹವೇ ಹೋಗುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಕೆಡುತ್ತದೆ. ಹೊಸದೇ ಹಾಕಿಸಿ. ಎಡಗಡೆಯದು ಕೆಟ್ಟಿದ್ದರೆ ಉಳಿದವೂ ಅದೇ ವಯಸ್ಸಿನವು, ಅದೇ ತೇವ ಕುಡಿದವು. ಬೋರ್ಡು ಹೇಗೂ ಹೊರಗೆ ಬಂದಿರುತ್ತದೆ, ಎಲ್ಲ ರಿಲೇಗಳನ್ನೂ ಒಟ್ಟಿಗೆ ಬದಲಾಯಿಸಿಬಿಡುವುದು ಒಳ್ಳೆಯದು. ಇದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ.

ಈಗ ಗುಂಯ್ ಸದ್ದು.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ನೀವು ಕೇಳುತ್ತಿರುವುದು ಆ 50 ಹರ್ಟ್ಜ್‌ನ ಸದ್ದು, ಜೊತೆಗೆ ಅದರ ದುಪ್ಪಟ್ಟು 100 ಹರ್ಟ್ಜ್‌ನದ್ದು. ಅದು ಸಬ್‌ವೂಫರ್ ಒಳಗೆ ಹೇಗೆ ಸೇರಿಕೊಂಡಿತು ಅನ್ನುವುದು ಪ್ರಶ್ನೆ. ನೀವು ಹೇಳಿದ ಜೋಡಣೆಯನ್ನು ಒಂದು ಸಲ ಬೆರಳಿಟ್ಟು ಹಿಡಿದು ಹೋಗೋಣ. ಕೇಬಲ್‌ನವರ ವೈರ್ ಕಂಬದಿಂದ ಬರುತ್ತದೆ. ಅದರ ಹೊರಗಿನ ಲೋಹದ ಬಲೆ ಸೆಟ್ ಟಾಪ್ ಬಾಕ್ಸ್‌ನ ಬಾಡಿಗೆ ತಾಗುತ್ತದೆ. ಅಲ್ಲಿಂದ ಎಚ್‌ಡಿಎಂಐ ಕೇಬಲ್‌ನ ಹೊರಕವಚದ ಮೂಲಕ ರಿಸೀವರ್‌ನ ಬಾಡಿಗೆ ಬರುತ್ತದೆ. ರಿಸೀವರ್‌ನಿಂದ ಸಬ್‌ವೂಫರ್‌ಗೆ ಹೋಗುವ ವೈರ್‌ನ ಹೊರ ಬಲೆಯ ಮೂಲಕ ಸಬ್‌ವೂಫರ್‌ಗೆ ಹೋಗುತ್ತದೆ. ಅಲ್ಲಿಂದ ತ್ರೀ ಪಿನ್ ಪ್ಲಗ್‌ನ ಅರ್ಥ್ ಮೂಲಕ ನಿಮ್ಮ ಮನೆಯ ಅರ್ಥಿಂಗ್ ಗುಂಡಿಗೆ ಇಳಿಯುತ್ತದೆ.

ಅಂದರೆ ಒಂದು ಕಡೆ ಕೇಬಲ್ ಲೈನಿನ ನೆಲ, ಇನ್ನೊಂದು ಕಡೆ ನಿಮ್ಮ ಮನೆಯ ನೆಲ. ಎರಡರ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕಂಬದ ಮೇಲಿನ ಪೆಟ್ಟಿಗೆ, ಜಾಯಿಂಟ್ ಎಲ್ಲ ನೆನೆದು ಸೋರಿಕೆ ಹೆಚ್ಚಾದರೆ ವ್ಯತ್ಯಾಸವೂ ಹೆಚ್ಚುತ್ತದೆ. ಆ ಸೋರಿಕೆ ಕರೆಂಟು ನಿಮ್ಮ ಹೋಮ್ ಥಿಯೇಟರ್ ಮೂಲಕವೇ ನೆಲಕ್ಕೆ ಹರಿಯುತ್ತದೆ. ಸಬ್‌ವೂಫರ್‌ನ ತೆಳ್ಳಗಿನ ವೈರ್‌ನಲ್ಲಿ ಅದು ಹಾಡಿನ ಸಿಗ್ನಲ್ ಜೊತೆ ಬೆರೆಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ.

ಪರೀಕ್ಷೆ ಬಹಳ ಸುಲಭ. ಗುಂಯ್ ಅನ್ನುತ್ತಿರುವಾಗಲೇ ಸೆಟ್ ಟಾಪ್ ಬಾಕ್ಸ್ ಹಿಂದಿನ ಕೇಬಲ್ ವೈರನ್ನು ತಿರುಗಿಸಿ ಬಿಚ್ಚಿ. ಬರಿಗಾಲಲ್ಲಿ ನಿಂತು ಬೇಡ, ಚಪ್ಪಲಿ ಹಾಕಿಕೊಂಡು ಒಂದೇ ಕೈಯಲ್ಲಿ ಮಾಡಿ. ಸದ್ದು ತಟ್ಟನೆ ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಎಲ್ಲ ಆಫ್ ಮಾಡಿ, ಸಬ್‌ವೂಫರ್‌ಗೆ ಬರುವ ಸಿಗ್ನಲ್ ವೈರ್ ತೆಗೆದು, ಸಬ್‌ವೂಫರ್ ಒಂದನ್ನೇ ಆನ್ ಮಾಡಿ. ಆಗಲೂ ಗುಂಯ್ ಅಂದರೆ ಅದರೊಳಗಿನ ಆಂಪ್ಲಿಫೈಯರ್ ರಿಪೇರಿಗೆ ಬಂದಿದೆ. ವೈರ್ ತೆಗೆದಾಗ ಸುಮ್ಮನಿದ್ದರೆ ಆ ವೈರನ್ನು ಬದಲಾಯಿಸಿ ನೋಡಿ, ರಿಸೀವರ್ ಮತ್ತು ಸಬ್‌ವೂಫರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಬೇರೆ ಬೇರೆ ಗೋಡೆಯ ಸಾಕೆಟ್‌ನಲ್ಲಿದ್ದರೆ ಅದೇ ಇನ್ನೊಂದು ಲೂಪ್ ಆಗಿರಬಹುದು.

ಇನ್ನೂ ಒಂದು ಗಮನಿಸಿ. ಸದ್ದು ಸ್ಪೀಕರ್‌ನಿಂದ ಬರದೆ ರಿಸೀವರ್ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ಅದುರಾಟ. ಕರೆಂಟು ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಹೀಗಾಗುತ್ತದೆಯೇ ನೋಡಿ. ಸ್ಕ್ವೇರ್ ವೇವ್ ಯುಪಿಎಸ್ ಇದ್ದರೆ ಹಾಗಾಗುವುದು ಮಾಮೂಲಿ. ಪ್ಯೂರ್ ಸೈನ್ ವೇವ್ ಯುಪಿಎಸ್‌ನಲ್ಲಿ ಈ ತೊಂದರೆ ಇರುವುದಿಲ್ಲ.

ಕೇಬಲ್ ವೈರ್ ಬಿಚ್ಚಿದಾಗ ಸದ್ದು ನಿಂತಿತು ಅಂದುಕೊಳ್ಳೋಣ. ಮೂರು ದಾರಿ ಇವೆ. ಒಂದು, ಕೇಬಲ್ ವೈರ್ ಮತ್ತು ಸೆಟ್ ಟಾಪ್ ಬಾಕ್ಸ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಸಣ್ಣ ಸಾಮಾನು ಹಾಕುವುದು. ಸಿಗ್ನಲ್ ಹೋಗುತ್ತದೆ, ಸೋರಿಕೆ ಕರೆಂಟು ಹೋಗುವುದಿಲ್ಲ. ಕೇಬಲ್‌ಗೆ ಇದು ಸಾಕು. ಆದರೆ ಡಿಶ್ ಇರುವವರು ಇದನ್ನು ಹಾಕಬೇಡಿ. ಡಿಶ್‌ನ ಮುಂಭಾಗದಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಡಿಸಿ ಕರೆಂಟು ಅದೇ ವೈರ್‌ನಲ್ಲಿ ಹೋಗಬೇಕು. ಮಾಮೂಲಿ ಐಸೊಲೇಟರ್ ಅದನ್ನು ತಡೆಯುತ್ತದೆ, ಚಾನೆಲ್‌ಗಳೇ ಬರುವುದಿಲ್ಲ.

ಎರಡನೇ ದಾರಿ ಡಿಶ್‌ನವರಿಗೂ ಸರಿ. ಸೆಟ್ ಟಾಪ್ ಬಾಕ್ಸನ್ನು ನೇರವಾಗಿ ಟಿವಿಗೆ ಹಾಕಿ. ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಎಳೆಯಿರಿ. ಇವೆರಡರ ನಡುವಿನ ಎಚ್‌ಡಿಎಂಐ ತೆಗೆದುಬಿಡಿ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇರುವುದಿಲ್ಲ. ಡಾಲ್ಬಿ ಡಿಜಿಟಲ್ 5.1 ಚೆನ್ನಾಗಿ ಬರುತ್ತದೆ. ಕಳೆದುಕೊಳ್ಳುವುದು ಏನೆಂದರೆ, ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ವಿಧಾನ) ಬರುವುದಿಲ್ಲ, ರಿಸೀವರ್‌ನ ಮೆನು ಟಿವಿಯಲ್ಲಿ ಕಾಣುವುದಿಲ್ಲ, ಒಂದೇ ರಿಮೋಟ್‌ನಲ್ಲಿ ಎರಡೂ ಆನ್ ಆಗುವುದಿಲ್ಲ. ನಿಮ್ಮದು 5.1 ಸೆಟ್ಟೇ ಆದ್ದರಿಂದ ಅಟ್ಮಾಸ್ ಇಲ್ಲದಿದ್ದರೂ ಹೆಚ್ಚು ನಷ್ಟವಿಲ್ಲ. ಮೂರನೆಯದು, ನಿಮ್ಮ ಕಡೆ ಫೈಬರ್ ಲೈನ್ ಬಂದಿದ್ದರೆ ಅದಕ್ಕೆ ಬದಲಾಗುವುದು. ಗಾಜಿನ ಎಳೆಯಲ್ಲಿ ಸೋರಿಕೆ ಕರೆಂಟು ಬರುವುದಿಲ್ಲ.

ಇನ್ನು ಅರ್ಥ್ ಪಿನ್. ಅದನ್ನು ತೆಗೆದರೆ ಸದ್ದು ನಿಜವಾಗಿಯೂ ನಿಲ್ಲುತ್ತದೆ. ಆ ಲೂಪ್ ಅಲ್ಲಿಗೆ ಕಡಿದು ಹೋಗುತ್ತದಲ್ಲ. ಅದಕ್ಕೇ ಈ ಸಲಹೆ ಇಷ್ಟು ಹರಡಿರುವುದು. ಸದ್ದು ನಿಂತಿತು, ದುಡ್ಡು ಖರ್ಚಾಗಲಿಲ್ಲ ಅಂತ ಜನ ಖುಷಿಪಡುತ್ತಾರೆ.

ಆದರೆ ಆ ಪಿನ್ ಯಾಕಿದೆ ನೋಡಿ. ತ್ರೀ ಪಿನ್ ಪ್ಲಗ್‌ನಲ್ಲಿ ಅದು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಪ್ಲಗ್ ಹಾಕುವಾಗ ಅದೇ ಮೊದಲು ತಾಗಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ಸಬ್‌ವೂಫರ್ ಒಳಗೆ ಎಂದಾದರೂ ಒಂದು ವೈರ್ ಸಡಿಲವಾಗಿ ಲೋಹದ ಬಾಡಿಗೆ ತಾಗಿತು ಅಂದುಕೊಳ್ಳಿ. ಅರ್ಥ್ ಇದ್ದರೆ ಕರೆಂಟು ನೆಲಕ್ಕೆ ಹೋಗುತ್ತದೆ, ಫ್ಯೂಸ್ ಹೋಗುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಬಾಡಿ 230 ವೋಲ್ಟ್‌ನಲ್ಲಿ ಸುಮ್ನೆ ಕಾಯುತ್ತಾ ಇರುತ್ತದೆ. ಬರೀ ಸಬ್‌ವೂಫರ್ ಅಲ್ಲ, ನಾವು ಈಗ ಹಿಡಿದು ಬಂದ ಅದೇ ಲೋಹದ ಹಾದಿಯಲ್ಲಿ ರಿಸೀವರ್, ಸೆಟ್ ಟಾಪ್ ಬಾಕ್ಸ್, ಟಿವಿಯ ಎಚ್‌ಡಿಎಂಐ ಸಾಕೆಟ್, ಎಲ್ಲದಕ್ಕೂ ಬರುತ್ತದೆ. ಕೇಬಲ್ ವೈರ್ ಮೂಲಕ ಕಂಬಕ್ಕೂ ಹೋಗುತ್ತದೆ, ಅಲ್ಲಿ ಹತ್ತಿದವರಿಗೂ ಅಪಾಯ. ಮಳೆಗಾಲ, ತಣ್ಣಗಿನ ರೆಡ್ ಆಕ್ಸೈಡ್ ನೆಲ, ಬರಿಗಾಲು, ಹಿಂದೆ ಕೈಹಾಕಿ ವೈರ್ ಸರಿಮಾಡಲು ಹೋದ ಮಗು. ಸದ್ದಿಗಾಗಿ ಇಷ್ಟು ದೊಡ್ಡ ಅಪಾಯ ತಂದುಕೊಳ್ಳಬೇಡಿ. ಯಾರಾದರೂ ಮೆಕ್ಯಾನಿಕ್ ಈ ಸಲಹೆ ಕೊಟ್ಟರೆ ಅವರ ಕೈಗೆ ನಿಮ್ಮ ರಿಸೀವರ್ ಕೊಡಬೇಡಿ ಅಂತಲೂ ನಾನು ಹೇಳುತ್ತೇನೆ.

ಇದೇ ನೆಪದಲ್ಲಿ ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ. ಹಳೇ ತೋಟದ ಮನೆಗಳಲ್ಲಿ ಸಾಕೆಟ್‌ಗೆ ಮೂರನೇ ರಂಧ್ರ ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಫ್ರಿಜ್ಜು, ಫ್ಯಾನು ಓಡುತ್ತಿರುವಾಗ ಅರ್ಥ್ ಮತ್ತು ನ್ಯೂಟ್ರಲ್ ನಡುವೆ ಅಳೆಯಲಿ. ಸಾಮಾನ್ಯವಾಗಿ 2-3 ವೋಲ್ಟ್ ಒಳಗೆ ಇರಬೇಕು. ಜಾಸ್ತಿ ಬಂದರೆ ಗುಂಡಿ ನೋಡಬೇಕು. ಬೇಸಿಗೆಯಲ್ಲಿ ಗುಂಡಿ ಒಣಗುತ್ತದೆ, ಆಗಾಗ ನೀರು ಹಾಕಬೇಕು. ಎಷ್ಟು ಲೋಡ್ ಇದ್ದರೂ ಸೊನ್ನೆಯೇ ತೋರಿಸಿದರೆ ಅದೂ ಅನುಮಾನದ ವಿಷಯ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ವೈರ್ ಹಾಕಿ ಕೈತೊಳೆದುಕೊಂಡಿರುವ ಮನೆಗಳಿವೆ. ಹೊರಗೆ ಲೈನ್‌ನಲ್ಲಿ ನ್ಯೂಟ್ರಲ್ ಕಡಿದ ದಿನ ಅಂಥ ಸಾಕೆಟ್‌ಗೆ ಹಾಕಿದ ಎಲ್ಲದರ ಬಾಡಿಗೂ ಕರೆಂಟು ಬರುತ್ತದೆ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ. ಹೋಮ್ ಥಿಯೇಟರ್‌ಗಿಂತ ಅದು ಮುಖ್ಯ.

ಮೂರನೆಯದು, ಮಾತು ಕೇಳದಿರುವುದು. 5.1 ಸಿನಿಮಾದಲ್ಲಿ ಮಾತು ಹೆಚ್ಚುಕಡಿಮೆ ಪೂರ್ತಿಯಾಗಿ ಸೆಂಟರ್ ಸ್ಪೀಕರ್‌ನಿಂದ ಬರುತ್ತದೆ. ಆದ್ದರಿಂದ ಅದನ್ನು ಮೊದಲು ನೋಡಿ. ರಿಸೀವರ್‌ನಲ್ಲಿ ಟೆಸ್ಟ್ ಟೋನ್ ಇರುತ್ತದೆ, ಒಂದೊಂದೇ ಸ್ಪೀಕರ್‌ನಿಂದ ‘ಶ್’ ಅಂತ ಸದ್ದು ಬರುತ್ತದೆ. ಸೆಂಟರ್ ಸುಮ್ಮನಿದ್ದರೆ ಅದರ ವೈರ್ ಕಳಚಿರಬಹುದು, ಅಥವಾ ಅದರ ರಿಲೇಗೂ ಎಡಗಡೆಯ ಗತಿಯೇ ಬಂದಿರಬಹುದು. ಸೆಟ್ಟಿಂಗ್‌ನಲ್ಲಿ ಸೆಂಟರ್ ಇದೆ ಅಂತ ಇದ್ದು, ನಿಜದಲ್ಲಿ ಸ್ಪೀಕರ್ ಹಾಡದಿದ್ದರೆ ಮಾತೇ ಮಾಯವಾಗುತ್ತದೆ.

ಟೋನ್ ಸರಿ ಬಂದರೆ ಟಿವಿಯ ಆಡಿಯೋ ಸೆಟ್ಟಿಂಗ್‌ಗೆ ಹೋಗಿ. ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇದ್ದರೆ ಟಿವಿಯ ಆಪ್‌ಗಳ ಸಿನಿಮಾ ಎರಡೇ ಚಾನೆಲ್ ಆಗಿ ಬರುವ ಸಾಧ್ಯತೆ ಹೆಚ್ಚು. ಬಿಟ್‌ಸ್ಟ್ರೀಮ್, ಆಟೋ ಅಥವಾ ಪಾಸ್ ಥ್ರೂಗೆ ಬದಲಾಯಿಸಿ. ರಿಸೀವರ್‌ನ ಡಿಸ್‌ಪ್ಲೇನಲ್ಲಿ ಡಾಲ್ಬಿ ಡಿಜಿಟಲ್ ಅಂತ ಕಾಣಬೇಕು. ಕೇಬಲ್‌ನಲ್ಲಿ ಬರುವ ಬಹಳಷ್ಟು ಚಾನೆಲ್‌ಗಳು ಬರೀ ಸ್ಟೀರಿಯೋ, ಅದಕ್ಕೆ ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಆನ್ ಮಾಡಿದರೆ ಮಾತು ಸೆಂಟರ್‌ಗೆ ಬರುತ್ತದೆ.

ಇದಾದ ಮೇಲೆ ಸೆಂಟರ್‌ನ ಲೆವೆಲ್ 2-3 ಡೆಸಿಬೆಲ್ ಏರಿಸಿ. ನೈಟ್ ಮೋಡ್ ಅಥವಾ ಡೈನಮಿಕ್ ರೇಂಜ್ ಕಂಪ್ರೆಷನ್ ಆನ್ ಮಾಡಿ. ಅದು ಜೋರಿನ ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತುತ್ತದೆ. ನಿಮ್ಮ ಕಡೆ ಇದು ರಾತ್ರಿಗಷ್ಟೇ ಅಲ್ಲ, ಮಳೆಗಾಲ ಪೂರ್ತಿ ಬೇಕು. ಹೆಂಚಿನ ಮೇಲೆ ಜಡಿಮಳೆ ಸುರಿಯುವಾಗ ಮಾತು ಆ ಸದ್ದಿನಲ್ಲಿ ಮುಳುಗುತ್ತದೆ. ನೀವು ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಫೈಟು ಬರುತ್ತದೆ. ತೊಂದರೆ ಮಳೆಗಾಲದಲ್ಲೇ ಶುರುವಾಯಿತು ಅಂದಿದ್ದೀರಿ, ಇದೂ ಒಂದು ಕಾರಣ ಇರಬಹುದು.

ಸೆಂಟರ್ ಸ್ಪೀಕರ್ ಶೋಕೇಸ್‌ನ ಒಳಗೆ ಹಿಂದಕ್ಕೆ ತಳ್ಳಿದ್ದರೆ ಅಂಚಿಗೆ ಎಳೆಯಿರಿ, ಮುಖ ಕೂತವರ ಕಿವಿಯ ಕಡೆ ಸ್ವಲ್ಪ ಎತ್ತಿ. ಕೆಂಪು ನೆಲ, ಬರಿ ಗೋಡೆ, ದೊಡ್ಡ ಕಿಟಕಿ ಇರುವ ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಝಣ್ ಅಂತ ಉಳಿದರೆ ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ಆಮೇಲೆ ರಿಸೀವರ್ ಜೊತೆ ಬಂದ ಮೈಕ್ ಇದ್ದರೆ ಆಟೋ ಸೆಟಪ್ ಮತ್ತೆ ಮಾಡಿ. ಡೆನಾನ್‌ನಲ್ಲಿ ಅದು ಆಡಿಸ್ಸಿ, ಯಮಹಾದಲ್ಲಿ ವೈ.ಪಿ.ಎ.ಓ. ರಿಲೇ ರಿಪೇರಿ ಆಗುವ ಮೊದಲು ಮಾಡಬೇಡಿ. ಒಂದು ಸ್ಪೀಕರ್ ಅರ್ಧ ಸತ್ತಿರುವಾಗ ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಮಳೆ ಸುರಿಯುವಾಗಲೂ ಬೇಡ.

ದುಬಾರಿ ಎಚ್‌ಡಿಎಂಐ ಕೇಬಲ್‌ನಿಂದ ಈ ಮೂರರಲ್ಲಿ ಒಂದೂ ಸರಿಹೋಗುವುದಿಲ್ಲ. ಅದರಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟರೆ ಚಿತ್ರ ಒಡೆಯುತ್ತದೆ, ಸದ್ದು ಕಡಿದು ಕಡಿದು ಬರುತ್ತದೆ. ಗುಂಯ್ ಅನ್ನುವುದು ಅದರ ಲಕ್ಷಣ ಅಲ್ಲ. ಸ್ಪೀಕರ್‌ಗೂ 1.5 ಚದರ ಮಿಲಿಮೀಟರ್‌ನ ಒಳ್ಳೆ ತಾಮ್ರದ ವೈರ್ ಸಾಕು, ತುಂಬಾ ದೂರ ಇದ್ದರೆ 2.5.

ಹೊಸ ರಿಸೀವರ್ ಯಾವಾಗ ತೆಗೆದುಕೊಳ್ಳಬೇಕು? ರಿಲೇ, ಕೆಪಾಸಿಟರ್, ಸಡಿಲ ಬೆಸುಗೆ ಇಂಥದ್ದಾದರೆ ಏಳು ವರ್ಷದ ರಿಸೀವರನ್ನು ಧಾರಾಳವಾಗಿ ರಿಪೇರಿ ಮಾಡಿಸಿ. ಎಚ್‌ಡಿಎಂಐ ಬೋರ್ಡು ಅಥವಾ ಮೇನ್ ಡಿಜಿಟಲ್ ಬೋರ್ಡು ಹೋದರೆ ಲೆಕ್ಕ ಬೇರೆ. ಬೋರ್ಡು ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಹೆಚ್ಚು. ಆಗಲೂ ಆಪ್ಟಿಕಲ್ ಕೆಲಸ ಮಾಡುತ್ತಿದ್ದರೆ ಅದರಲ್ಲೇ ಕೆಲವು ವರ್ಷ ಓಡಿಸಬಹುದು.

ಸಿಡಿಲಿಗೂ ಎಚ್‌ಡಿಎಂಐ ಬೋರ್ಡು ಸಾಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ತೆಗೆದರಷ್ಟೇ ಸಾಲದು. ಕೇಬಲ್ ವೈರನ್ನೂ, ಇಂಟರ್‌ನೆಟ್ ವೈರನ್ನೂ ಗುಡುಗು ಹತ್ತಿರ ಬರುವ ಮೊದಲೇ ಬಿಚ್ಚಿಡಿ, ಶುರುವಾದ ಮೇಲೆ ಅವನ್ನು ಮುಟ್ಟಬೇಡಿ. ಸ್ಪೈಕ್ ಗಾರ್ಡ್ ಇದೆ ಅಂತ ನಂಬಿಕೊಂಡು ಕೂರಬೇಡಿ, ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಿ ರಿಸೀವರನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಪ್ಲಾಸ್ಟಿಕ್ ಮುಚ್ಚಬೇಡಿ, ದಿನಕ್ಕೆ ಒಂದು ಗಂಟೆಯಾದರೂ ಆನ್ ಮಾಡಿ. ಅದರದ್ದೇ ಬಿಸಿಗೆ ಒಳಗಿನ ತೇವ ಆರುತ್ತದೆ.

ರಿಪೇರಿಗೆ ಕೊಡುವಾಗ ‘ಸೌಂಡ್ ಬರುತ್ತಿಲ್ಲ’ ಅನ್ನಬೇಡಿ. ‘ಸಣ್ಣ ವಾಲ್ಯೂಮ್‌ನಲ್ಲಿ ಎಡ ಚಾನೆಲ್ ಹೋಗುತ್ತದೆ, ಜೋರು ಮಾಡಿದರೆ ಬರುತ್ತದೆ, ವೈರ್ ಅದಲುಬದಲು ಮಾಡಿ ನೋಡಿದ್ದೇನೆ’ ಅಂತ ಚೀಟಿಯಲ್ಲಿ ಬರೆದು ಅಂಟಿಸಿ. ತೆಗೆದ ಹಳೇ ರಿಲೇಗಳನ್ನು ಕೇಳಿ ಪಡೆದುಕೊಳ್ಳಿ. ಅಂಗಡಿಯಲ್ಲಿ ಜೋರಾಗಿ ಹಾಡು ಹಾಕಿ ತೋರಿಸಿದರೆ ಒಪ್ಪಬೇಡಿ, ನಿಮ್ಮ ರಿಸೀವರ್ ಜೋರು ವಾಲ್ಯೂಮ್‌ನಲ್ಲಿ ಮೊದಲೂ ಸರಿಯಾಗೇ ಹಾಡುತ್ತಿತ್ತು. ಹಿಂದಿನ ರಾತ್ರಿಯಿಂದ ಆಫ್ ಇದ್ದದ್ದನ್ನು ಆನ್ ಮಾಡಿಸಿ, ಪಕ್ಕದಲ್ಲಿ ಪಿಸುಮಾತು ಕೇಳುವಷ್ಟು ಸಣ್ಣ ವಾಲ್ಯೂಮ್ ಇಟ್ಟು, ಎಡ, ಬಲ, ಸೆಂಟರ್ ಮೂರಕ್ಕೂ ಒಂದೊಂದಾಗಿ ಕಿವಿಯಿಟ್ಟು ಕೇಳಿದ ಮೇಲೆ ದುಡ್ಡು ಕೊಡಿ.